ನೀರಲ್ಲಿ ಕಾಲಿಟ್ಟು ನಿಲ್ಲುವ ಆಲ್ಡರ್: ಗುರುತಿಸುವುದು, ಬೆಳೆಸುವುದು, ಬಳಸುವುದು

ಆಲ್ಡರ್ ಮರದ ಗೂಟವನ್ನು ಬೇಲಿಗೆ ಹೂಳಿದರೆ ನಾಲ್ಕೈದು ವರ್ಷದೊಳಗೆ ನೆಲಮಟ್ಟದಲ್ಲಿ ಕೊಳೆತು ಮುರಿಯುತ್ತದೆ. ಅದೇ ಗೂಟ ಸದಾ ನೀರು ನಿಂತ ಕೆಸರಿನಲ್ಲಿ ಪೂರ್ತಿ ಮುಳುಗಿದ್ದರೆ ನೂರಾರು ವರ್ಷ ಗಟ್ಟಿಯಾಗಿ ಉಳಿಯುತ್ತದೆ. ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ನೆಲಮಟ್ಟದಲ್ಲಿ ಎರಡೂ ಸಿಗುತ್ತವೆ, ನೀರಿನಾಳದಲ್ಲಿ ಗಾಳಿ ಸಿಗುವುದಿಲ್ಲ. ಈ ಮರವನ್ನು ನೆಡುವಾಗಲೂ ಕಡಿದು ಬಳಸುವಾಗಲೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೇ: ಇಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ, ವರ್ಷದ ಯಾವ ತಿಂಗಳಲ್ಲಿ?

ಇಲ್ಲಿ ಹೇಳುತ್ತಿರುವುದು ಯುರೋಪಿನ ಕಾಮನ್ ಆಲ್ಡರ್ ಬಗ್ಗೆ. ಸಸ್ಯಶಾಸ್ತ್ರದ ಹೆಸರು ಆಲ್ನಸ್ ಗ್ಲುಟಿನೋಸಾ. ಜರ್ಮನಿಯಲ್ಲಿ ಶ್ವಾರ್ಟ್ಸ್‌ಎರ್ಲೆ, ಫಿನ್ಲೆಂಡಿನಲ್ಲಿ ಟೆರ್ವಲೆಪ್ಪಾ. ಬ್ರಿಟನ್, ಐರ್ಲೆಂಡ್, ನೆದರ್ಲೆಂಡ್ಸ್, ಜರ್ಮನಿಗಳಲ್ಲಿ ಇರುವ ಕನ್ನಡಿಗರು ಸಂಜೆ ಕಾಲುವೆ ದಂಡೆಯಲ್ಲಿ ನಡೆಯುವಾಗ ದಿನವೂ ಇದರ ಕೆಳಗೇ ಹಾದುಹೋಗುತ್ತಿರುತ್ತಾರೆ. ಹಿತ್ತಲಿನ ಜೌಗು ಮೂಲೆಯಲ್ಲಿ ಏನು ನೆಡುವುದೆಂದು ಯೋಚಿಸುತ್ತಿರುವವರಿಗೆ, ವಾರಾಂತ್ಯದಲ್ಲಿ ಹೊಳೆದಂಡೆಗೆ ಗಿಡ ನೆಡಲು ಹೋಗುವವರಿಗೆ, ಉಣ್ಣೆಗೆ ಬಣ್ಣ ಕಟ್ಟುವ ಹವ್ಯಾಸ ಇರುವವರಿಗೆ ಈ ಬರಹ ಉಪಯೋಗಕ್ಕೆ ಬಂದೀತು.

ಗುರುತು ಹಿಡಿಯುವುದು

ಎಲೆಯ ತುದಿ ನೋಡಿ. ಹೆಚ್ಚಿನ ಮರಗಳ ಎಲೆ ತುದಿಗೆ ಬರುತ್ತ ಚೂಪಾಗುತ್ತದೆ. ಆಲ್ಡರ್ ಎಲೆ ದುಂಡಗಿದ್ದು, ತುದಿಯಲ್ಲಿ ಯಾರೋ ಉಗುರಿನಿಂದ ಚಿವುಟಿ ತೆಗೆದಂತೆ ಸಣ್ಣ ತಗ್ಗು ಇರುತ್ತದೆ. ಉದ್ದ 6ರಿಂದ 10 ಸೆಂ.ಮೀ. ಎಳೆಯ ಚಿಗುರನ್ನು ಮುಟ್ಟಿದರೆ ಕೈಗೆ ಅಂಟುತ್ತದೆ. ಗ್ಲುಟಿನೋಸಾ ಎಂಬ ಹೆಸರು ಬಂದದ್ದು ಆ ಅಂಟಿನಿಂದ.

ಎಲೆ ಉದುರಿದ ಮೇಲೆ ಗುರುತಿಸುವುದು ಇನ್ನೂ ಸುಲಭ. ಪುಟ್ಟ ತೊಟ್ಟಿನ ಮೇಲೆ ಕೂತ ನೇರಳೆ ಬಣ್ಣದ ಮೊಗ್ಗು, ಮುಂದಿನ ವಸಂತಕ್ಕೆಂದು ಈಗಲೇ ಜೋತುಬಿದ್ದ ಗಂಡುತೆನೆಗಳು, ಕಳೆದ ವರ್ಷದ ಕಪ್ಪು ಕಾಯಿಗಳು, ಮೂರೂ ಒಂದೇ ರೆಂಬೆಯಲ್ಲಿ ಸಿಗುತ್ತವೆ. ಕಾಯಿ ಒಂದೆರಡು ಸೆಂ.ಮೀ. ಉದ್ದ, ಪೈನ್ ಕಾಯಿಯ ಮರಿಯಂತೆ. ನಮ್ಮ ಕರಾವಳಿಯ ಗಾಳಿಮರ, ಬಯಲುಸೀಮೆಯವರು ಸರ್ವೆ ಎನ್ನುವ ಮರ, ಅದರ ಕಾಯಿ ಆಯ್ದು ಆಡಿದವರಿಗೆ ಇದು ಪರಿಚಿತವೆನಿಸುತ್ತದೆ. ಈ ಎರಡು ಮರಗಳ ನಡುವೆ ಇನ್ನೂ ಆಳದ ಹೋಲಿಕೆಯೊಂದಿದೆ, ಅದು ಬೇರಿನ ಮಾತು ಬಂದಾಗ. ಬ್ರಿಟನ್ನಿನ ಮೂಲ ಮರಗಳಲ್ಲಿ ಅಗಲ ಎಲೆಯಿದ್ದೂ ಇಂಥ ಕಟ್ಟಿಗೆಯಂಥ ಕಾಯಿ ಬಿಡುವುದು ಆಲ್ಡರ್ ಒಂದೇ.

ನರ್ಸರಿಯಲ್ಲಿ ಕೊಳ್ಳುವಾಗ ದಾಯಾದಿಗಳ ಬಗ್ಗೆ ಎಚ್ಚರ ಇರಲಿ. ಗ್ರೇ ಆಲ್ಡರ್ ಎಲೆ ಚೂಪು, ಹಿಂಬದಿ ಬೂದು. ಬೇರಿನಿಂದ ಮರಿ ಹೊರಡಿಸಿ ಹಿತ್ತಲನ್ನೆಲ್ಲ ಆಕ್ರಮಿಸುತ್ತದೆ. ಇಟಾಲಿಯನ್ ಆಲ್ಡರ್ ಎಲೆ ಹೃದಯದಾಕಾರ, ಮಿರುಗುವ ಹಸಿರು, ಕಾಯಿ ದೊಡ್ಡದು. ಒಣ ಜಾಗವನ್ನೂ ಸಹಿಸುತ್ತದೆ, ಹಾಗಾಗಿ ರಸ್ತೆಬದಿಯಲ್ಲಿ ನೆಡುವುದು ಹೆಚ್ಚಾಗಿ ಅದನ್ನೇ. ಹೊಳೆದಂಡೆಗೆ ಬೇಕಾದದ್ದು ಕಾಮನ್ ಆಲ್ಡರ್. ಚೀಟಿಯಲ್ಲಿ ಬರೀ 'ಆಲ್ಡರ್' ಎಂದಿದ್ದರೆ ಯಾವುದೆಂದು ಕೇಳಿಯೇ ಕೊಳ್ಳಿ.

ಜಾಗ ಹೇಗಿರಬೇಕು

ಮರ 20ರಿಂದ 25 ಮೀಟರ್ ಎತ್ತರ ಹೋಗುತ್ತದೆ. ಮೊದಲ ಇಪ್ಪತ್ತು ವರ್ಷ ಓಡುತ್ತ ಬೆಳೆದು ಆಮೇಲೆ ನಿಧಾನಿಸುತ್ತದೆ. ಓಕ್‌ನಂತೆ ಶತಮಾನಗಳನ್ನು ಕಾಣುವ ಮರವಲ್ಲ, ಅರವತ್ತು ವರ್ಷ ದಾಟಿದರೆ ಮುದುಕನೇ. ಮನೆಯ ಗೋಡೆಯಿಂದ, ನೆಲದಡಿಯ ಚರಂಡಿ ಪೈಪಿನಿಂದ 10 ಮೀಟರಾದರೂ ದೂರ ಇರಿಸಿ. ನೀರು ಹುಡುಕಿಕೊಂಡು ಹೋಗುವ ಬೇರಿಗೆ ಬಿರುಕುಬಿಟ್ಟ ಪೈಪು ಅಂದರೆ ಹಬ್ಬ.

ಬಿಸಿಲು ಪೂರ್ತಿ ಬೇಕು. ಬೇರೆ ಮರದ ನೆರಳಿನಲ್ಲಿ ಸಸಿ ಮೂರ್ನಾಲ್ಕು ವರ್ಷ ಕುಂಟುತ್ತ ಇದ್ದು ಸಾಯುತ್ತದೆ. ಆಲ್ಡರ್ ತೋಪಿನ ಒಳಗೇ ಆಲ್ಡರ್ ಸಸಿ ಕಾಣದಿರಲು ಕಾರಣವೂ ಇದೇ.

ಮಣ್ಣು ಸ್ವಲ್ಪ ಹುಳಿಯಿಂದ ತಟಸ್ಥದವರೆಗೆ, ಪಿಎಚ್ 5.5ರಿಂದ 7ರ ನಡುವೆ ಇದ್ದರೆ ಮರಕ್ಕೆ ಸಾರಜನಕ ಒದಗಿಸುವ ಬೇರುಗಂಟು (ಅದರ ಮಾತು ಮುಂದಿದೆ) ಚೆನ್ನಾಗಿ ಕಟ್ಟುತ್ತದೆ. ಜೇಡಿಯಾದರೂ ಸರಿ, ಜಲ್ಲಿಯಾದರೂ ಸರಿ, ತೇವ ಇದ್ದರಾಯಿತು. ಸುಣ್ಣಕಲ್ಲಿನ ಮೇಲಿನ ತೆಳು ಒಣಮಣ್ಣಿನಲ್ಲಿ ನೆಟ್ಟರೆ ದುಡ್ಡು ದಂಡ. ಇನ್ನೊಂದು ಕಡೆ, ನೀರು ಹರಿಯದೆ ವರ್ಷವಿಡೀ ನಿಂತೇ ಇರುವ ತೀರಾ ಹುಳಿ ಪೀಟ್ ನೆಲದಲ್ಲೂ (ಅರೆಕೊಳೆತ ಸಸ್ಯಗಳು ಪದರಗಟ್ಟಿದ ಜೌಗಿನಲ್ಲೂ) ಅದು ಸೊರಗುತ್ತದೆ. ನಿಂತ ನೀರಿಗಿಂತ ಸರಿಯುವ ನೀರು ಮೇಲು.

ಪರೀಕ್ಷೆ ಹೀಗೆ ಮಾಡಿ. ಆಗಸ್ಟ್‌ನಲ್ಲಿ, ಅಂದರೆ ಅಲ್ಲಿಯ ಬೇಸಿಗೆ ಮುಗಿಯುವ ಹೊತ್ತಿಗೆ, ಗುದ್ದಲಿಯಲ್ಲಿ ಎರಡಡಿ ಗುಂಡಿ ತೋಡಿ. ತಳದ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದಾಗ ಉಂಡೆ ಕಟ್ಟಿ ನಿಂತರೆ ಆಲ್ಡರ್‌ಗೆ ಜಾಗ ಸರಿ. ಪುಡಿಯಾಗಿ ಉದುರಿದರೆ ಬೇರೆ ಮರ ನೋಡಿ. ಜನವರಿಯಲ್ಲಿ ಮಾಡುವ ಪರೀಕ್ಷೆಯನ್ನು ನಂಬಬಾರದು. ಬ್ರಿಟನ್ನಿನಲ್ಲಿ ಜನವರಿಯಲ್ಲಿ ಎಲ್ಲ ಮಣ್ಣೂ ಒದ್ದೆಯೇ.

ಬೀಜದಿಂದ ಸಸಿ

ಅಕ್ಟೋಬರ್‌ನಿಂದ ನವೆಂಬರ್‌ವರೆಗೆ ಕಾಯಿ ಹಸಿರಿನಿಂದ ಕಂದಿಗೆ ತಿರುಗಿ ಪದರಗಳು ಬಿರಿಯಲು ಶುರುವಾದಾಗ ಕೊಯ್ಯಿರಿ. ತಡಮಾಡಿದರೆ ಸಿಸ್ಕಿನ್, ರೆಡ್‌ಪೋಲ್ ಹಕ್ಕಿಗಳು ತಲೆಕೆಳಗಾಗಿ ಜೋತು ಬೀಜವನ್ನೆಲ್ಲ ಕೀಳುತ್ತವೆ. ಒಂದೇ ಮರದಿಂದ ಕೊಯ್ಯದೆ, ದೂರ ದೂರ ನಿಂತ ಐದಾರು ಆರೋಗ್ಯವಂತ ಮರಗಳಿಂದ ಎರಡೆರಡು ಹಿಡಿ ತೆಗೆದರೆ ಸಾಕು. ಕಾಯಿಯನ್ನು ಕಾಗದದ ಮೇಲೆ ಹರಡಿ, ಬೆಚ್ಚಗಿನ ಕೋಣೆಯಲ್ಲಿ ಒಂದು ವಾರ ಬಿಡಿ. ಪದರ ಬಾಯಿಬಿಟ್ಟ ಮೇಲೆ ಡಬ್ಬಿಯಲ್ಲಿ ಹಾಕಿ ಕುಲುಕಿ, ಜರಡಿ ಹಿಡಿದರೆ ಚಪ್ಪಟೆ ಕಂದು ಬೀಜ ಕೆಳಗೆ ಬೀಳುತ್ತದೆ. ಒಲೆಯ ಮೇಲಾಗಲಿ ಹೀಟರ್ ಮೇಲಾಗಲಿ ಇಟ್ಟು ಬೇಗ ಒಣಗಿಸಲು ಹೋಗಬೇಡಿ, ಭ್ರೂಣ ಸಾಯುತ್ತದೆ.

ಒಂದು ಗ್ರಾಮಿನಲ್ಲಿ ಸುಮಾರು 700 ಬೀಜ. ಕೇಳಲು ಬಹಳ ಎನಿಸಿದರೂ ಅರ್ಧಕ್ಕಿಂತ ಹೆಚ್ಚು ಜೊಳ್ಳಿರುತ್ತದೆ. ನೂರಕ್ಕೆ ಮೂವತ್ತು ನಲವತ್ತು ಮೊಳೆತರೆ ಒಳ್ಳೆಯ ಬೆಳೆ. ಭತ್ತದಂತೆ ನೀರಿಗೆ ಹಾಕಿ ಜೊಳ್ಳನ್ನು ತೇಲಿಸಿ ತೆಗೆಯೋಣವೆಂದರೆ ಆಗದು, ಏಕೆಂದರೆ ಇದರಲ್ಲಿ ಗಟ್ಟಿ ಬೀಜವೂ ತೇಲುತ್ತದೆ. ಬೀಜದ ಎರಡು ಬದಿಗೂ ಗಾಳಿ ತುಂಬಿದ ಬೆಂಡಿನಂಥ ಅಂಚು ಇದ್ದು, ವಾರಗಟ್ಟಲೆ ಹೊಳೆಯ ಮೇಲೆ ತೇಲಿ ಹೋಗಿ ಎಲ್ಲೋ ಕೆಸರಿನ ದಂಡೆಗೆ ಹತ್ತುವುದೇ ಅದರ ಸಹಜ ಬಿತ್ತನೆ. ಐವತ್ತು ಸಸಿ ಬೇಕಿದ್ದವರು ಅರ್ಧ ಗ್ರಾಂ ಬಿತ್ತಿದರೆ ಸಾಕು.

ಬಿತ್ತನೆಯ ಕ್ರಮ:

1. ಬೀಜವನ್ನು ಒದ್ದೆ ಮರಳಿನಲ್ಲಿ ಕಲಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಫ್ರಿಜ್ಜಿನ ಕೆಳತಟ್ಟೆಯಲ್ಲಿ 3ರಿಂದ 5 ಡಿಗ್ರಿಯಲ್ಲಿ ನಾಲ್ಕು ವಾರ ಇಡಿ. ಮರಳು ಒದ್ದೆ ಇರಬೇಕು, ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಈ ಚಳಿ ಸಿಕ್ಕರೆ ಮೊಳಕೆ ಒಟ್ಟಿಗೆ ಬರುತ್ತದೆ, ಇಲ್ಲವಾದರೆ ಬಿಡಿಬಿಡಿಯಾಗಿ ತಿಂಗಳುಗಟ್ಟಲೆ ಬರುತ್ತಿರುತ್ತದೆ.

2. ಮಾರ್ಚ್ ಕೊನೆಗೆ ಟ್ರೇಯಲ್ಲಿ ನಯವಾದ ಮಣ್ಣು ತುಂಬಿ, ಅಂಗೈಯಿಂದ ಮೆಲ್ಲಗೆ ಒತ್ತಿ, ಮರಳಿನ ಸಮೇತ ಬೀಜ ಉದುರಿಸಿ. ಮೇಲೆ ಎರಡು ಮೂರು ಮಿ.ಮೀ. ದಪ್ಪಕ್ಕೆ ಸಣ್ಣ ಜಲ್ಲಿ ಮಾತ್ರ. ಆಳಕ್ಕೆ ಹೋದ ಬೀಜ ಮೇಲೆ ಬರುವುದಿಲ್ಲ; ಸಾಸಿವೆಗಿಂತ ಹಗುರವಾದ ಬೀಜದಲ್ಲಿ ಅಷ್ಟು ಕಸುವಿಲ್ಲ.

3. ನೀರನ್ನು ಮೇಲಿನಿಂದ ಸುರಿಯದೆ, ಟ್ರೇಯನ್ನು ನೀರಿನ ತಟ್ಟೆಯಲ್ಲಿ ಇಟ್ಟು ಕೆಳಗಿನಿಂದ ಹೀರಿಸಿ. ಎರಡು ಮೂರು ವಾರದಲ್ಲಿ ಮೊಳಕೆ ಬರುತ್ತದೆ. ಈ ಹಂತದಲ್ಲಿ ಒಂದೇ ಮಧ್ಯಾಹ್ನ ಮೇಲ್ಮೈ ಒಣಗಿದರೂ ಎಲ್ಲವೂ ಹೋಯಿತು. ಸೋಲುವವರಲ್ಲಿ ಹೆಚ್ಚಿನವರು ಸೋಲುವುದು ಇಲ್ಲೇ.

4. ನಾಲ್ಕೈದು ಎಲೆ ಬಂದಾಗ 15 ಸೆಂ.ಮೀ. ಆಳದ ಕುಂಡಗಳಿಗೆ ಒಂದೊಂದಾಗಿ ಬದಲಿಸಿ. ಸಾರಜನಕ ಗೊಬ್ಬರ ಕೊಡಬೇಡಿ. ಕೊಟ್ಟರೆ ಮೊದಲ ವರ್ಷ ಹಸಿರಾಗಿ ಕಂಡೀತು, ಆದರೆ ಪುಕ್ಕಟೆ ಊಟ ಸಿಗುವಾಗ ಬೇರು ಗಂಟು ಕಟ್ಟುವ ಗೋಜಿಗೆ ಹೋಗುವುದಿಲ್ಲ.

ಹಳೆಯ ಆಲ್ಡರ್ ಬುಡದ ಒಂದು ಹಿಡಿ ಮಣ್ಣನ್ನು ಕುಂಡಕ್ಕೆ ಬೆರೆಸಿದರೆ ಗಂಟು ಬೇಗ ಕಟ್ಟುತ್ತದೆಂಬ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಮಾತು ಸುಳ್ಳಲ್ಲ. ಆದರೆ ಅದೇ ಹಿಡಿಮಣ್ಣಿನಲ್ಲಿ ಮುಂದೆ ಹೇಳುವ ಬೇರುಕೊಳೆ ರೋಗವೂ ಬರಬಹುದು. ತೇವದ ನೆಲದಲ್ಲಿ ಬೇಕಾದ ಸೂಕ್ಷ್ಮಾಣು ಸಾಮಾನ್ಯವಾಗಿ ಇದ್ದೇ ಇರುತ್ತದೆ, ಕಾಯುವುದು ಲೇಸು.

ಬೇರಿನ ಗಂಟು

ಒಂದು ವರ್ಷದ ಸಸಿಯ ಬೇರು ತೊಳೆದು ನೋಡಿದರೆ ಅಲ್ಲಲ್ಲಿ ಹವಳದಂಥ ಕಿತ್ತಳೆ ಗಂಟುಗಳು. ರೋಗವೆಂದು ಕಿತ್ತೆಸೆಯುವವರಿದ್ದಾರೆ. ಅದರೊಳಗೆ ಫ್ರಾಂಕಿಯಾ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಮರಕ್ಕೆ ಕೊಡುತ್ತಿರುತ್ತದೆ, ಮರ ಅದಕ್ಕೆ ಸಕ್ಕರೆ ಕೊಡುತ್ತದೆ. ಹಳೆಯ ಮರದಲ್ಲಿ ಗಂಟು ನಿಂಬೆಹಣ್ಣಿಗಿಂತ ದೊಡ್ಡದಾಗುವುದುಂಟು. ಹೆಸರು, ಉದ್ದು, ಹೊಂಗೆಗಳ ಗಂಟಿನಲ್ಲಿರುವುದು ರೈಝೋಬಿಯಂ ಗುಂಪು. ಇದು ಬೇರೆಯೇ ಜಾತಿ. ನಮ್ಮಲ್ಲಿ ಫ್ರಾಂಕಿಯಾ ಜೊತೆ ಒಡನಾಟ ಇಟ್ಟುಕೊಂಡ ಪರಿಚಿತ ಮರ ಯಾವುದೆಂದರೆ ಅದೇ ಸರ್ವೆ. ಬರೀ ಮರಳಿನಲ್ಲಿ ಸರ್ವೆ ಹಸಿರಾಗಿ ನಿಲ್ಲುವ ಗುಟ್ಟೂ ಆಲ್ಡರ್ ಬರೀ ಜಲ್ಲಿಯಲ್ಲಿ ನಿಲ್ಲುವ ಗುಟ್ಟೂ ಒಂದೇ.

ಇದರಿಂದ ಒಂದು ಲಾಭ ಇದೆ. ಬೇರೆ ಮರಗಳು ಎಲೆ ಉದುರಿಸುವ ಮೊದಲು ಅದರಲ್ಲಿರುವ ಸಾರಜನಕವನ್ನು ಹಿಂದಕ್ಕೆ ಎಳೆದುಕೊಳ್ಳುತ್ತವೆ, ಎಲೆ ಹಳದಿ ಕೆಂಪಾಗುವುದು ಆಗಲೇ. ಆಲ್ಡರ್‌ಗೆ ಆ ಜಿಪುಣತನ ಬೇಕಿಲ್ಲ. ಎಲೆಯನ್ನು ಹಸಿರಾಗಿಯೇ ಉದುರಿಸುತ್ತದೆ. ಆ ತರಗೆಲೆ ಬೇಗ ಕರಗಿ ಒಳ್ಳೆಯ ಗೊಬ್ಬರವಾಗುತ್ತದೆ. ಗಣಿ ಅಗೆದು ಬಿಟ್ಟ ಬರಡು ನೆಲಕ್ಕೆ ಮೊದಲು ಆಲ್ಡರ್ ನೆಟ್ಟು, ಮಣ್ಣು ಹದವಾದ ಮೇಲೆ ಬೇರೆ ಮರ ತರುವುದು ಯುರೋಪಿನಲ್ಲಿ ರೂಢಿ.

ಇದೇ ಕುಲದ ಹಿಮಾಲಯದ ಮರ ಆಲ್ನಸ್ ನೇಪಾಲೆನ್ಸಿಸ್, ನೇಪಾಳಿಯಲ್ಲಿ ಉತೀಸ್. ನಾಗಾಲ್ಯಾಂಡಿನ ಕೊಹಿಮಾ ಹತ್ತಿರದ ಖೊನೊಮಾ ಗ್ರಾಮದಲ್ಲಿ ಅಂಗಾಮಿ ನಾಗರು ಇದನ್ನು ಆಳೆತ್ತರದ ಆಸುಪಾಸಿನಲ್ಲಿ ಕಡಿದು ಚಿಗುರಿಸುತ್ತ, ಅದರ ನಡುವೆಯೇ ಝೂಮ್ ಬೇಸಾಯ, ಅಂದರೆ ಗುಡ್ಡದ ಕಾಡು ಕಡಿದು ಸುಟ್ಟು ಮಾಡುವ ಬೇಸಾಯ, ಮಾಡುತ್ತಾರೆ; ನೆಲಕ್ಕೆ ದೀರ್ಘ ಬಿಡುವು ಕೊಡುವ ಅಗತ್ಯ ಬೀಳುವುದಿಲ್ಲ. ಸಿಕ್ಕಿಂನಲ್ಲಿ ದೊಡ್ಡ ಏಲಕ್ಕಿಗೆ ಇದರದೇ ನೆರಳು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಹಾಲವಾಣದ ರೆಂಬೆ ಸವರಿ ಬುಡಕ್ಕೆ ಹಾಕುವುದನ್ನು ಕಂಡವರಿಗೆ ಈ ಲೆಕ್ಕಾಚಾರ ವಿವರಿಸಬೇಕಿಲ್ಲ. ಹಾಗೆಂದು ಕಾಮನ್ ಆಲ್ಡರ್ ಬೀಜವನ್ನು ಊರಿಗೆ ತಂದು ಬಿತ್ತುವ ಆಸೆ ಬೇಡ. ಅದಕ್ಕೆ ನಿಜವಾದ ಚಳಿಗಾಲ ಬೇಕು. ಹೊಳೆದಂಡೆ ಹಿಡಿದಿಡುವ ಕೆಲಸಕ್ಕೆ ನಮ್ಮಲ್ಲಿ ಹೊಳೆಮತ್ತಿಯಿದೆ, ಹೊಂಗೆಯಿದೆ.

ನೆಡುವುದು

ಸಸಿ 40ರಿಂದ 60 ಸೆಂ.ಮೀ. ಎತ್ತರ ಇದ್ದರೆ ಸಾಕು. ಆಳೆತ್ತರದ ಗಿಡಕ್ಕೆ ಹೆಚ್ಚು ದುಡ್ಡು ಕೊಟ್ಟು ನೆಟ್ಟವರು ಮೂರು ವರ್ಷದ ನಂತರ ನೋಡಿದರೆ ಪಕ್ಕದ ಸಣ್ಣ ಸಸಿಯೇ ಮುಂದೆ ಹೋಗಿರುತ್ತದೆ. ಕಾಲ ನವೆಂಬರ್‌ನಿಂದ ಮಾರ್ಚ್, ನೆಲ ಹೆಪ್ಪುಗಟ್ಟಿರದ ದಿನ. ಮಣ್ಣಿಲ್ಲದ ಬರಿಬೇರಿನ ಸಸಿಗಳು ಅಗ್ಗ, ಆದರೆ ಬೇರಿಗೆ ಗಾಳಿ ಬಿಸಿಲು ತಾಗಬಾರದು. ನೆಡುವ ಗಳಿಗೆಯವರೆಗೂ ಚೀಲದೊಳಗೇ ಇರಲಿ. ಇಪ್ಪತ್ತು ಸಸಿಗಳನ್ನು ಸಾಲಾಗಿ ನೆಲದ ಮೇಲೆ ಹರಡಿಟ್ಟು ಆಮೇಲೆ ಗುಂಡಿ ತೋಡುವುದು ನೋಡಲು ಶಿಸ್ತು, ಬೇರಿಗೆ ಸಾವು.

ಸಾಮಾನ್ಯ ನೆಲದಲ್ಲಿ ಗುಂಡಿಯೂ ಬೇಡ. ಗುದ್ದಲಿಯನ್ನು ನೇರ ಇಳಿಸಿ, ಹಿಂದೆ ಮುಂದೆ ಅಲ್ಲಾಡಿಸಿ ಸೀಳು ಮಾಡಿ, ಬೇರನ್ನು ಅದರೊಳಗೆ ಇಳಿಬಿಟ್ಟು, ಕಾಂಡ ಬೇರು ಸೇರುವ ಗೆರೆ ನೆಲಮಟ್ಟಕ್ಕೆ ಬರುವಂತೆ ಸ್ವಲ್ಪ ಮೇಲಕ್ಕೆಳೆದು, ಹಿಮ್ಮಡಿಯಿಂದ ಭದ್ರವಾಗಿ ತುಳಿಯಿರಿ. ಎಲೆಯೊಂದನ್ನು ಹಿಡಿದು ಜಗ್ಗಿದರೆ ಎಲೆ ಹರಿಯಬೇಕು, ಗಿಡ ಅಲುಗಬಾರದು ಎಂಬುದು ಹಳಬರ ಅಳತೆ. ಚಳಿಗಾಲದಲ್ಲಿ ಎಲೆ ಇರುವುದಿಲ್ಲ, ಮೊಗ್ಗಿನ ತುದಿ ಹಿಡಿದು ಮೆಲ್ಲಗೆ ಎಳೆಯಿರಿ.

ತೋಪಿಗೆ 2 ಮೀಟರ್ ಅಂತರ, ಅಂದರೆ ಹೆಕ್ಟೇರಿಗೆ 2,500 ಸಸಿ. ಹೊಳೆದಂಡೆಗೆ ಅಷ್ಟು ದಟ್ಟ ಬೇಡ. ಮೂರರಿಂದ ಐದು ಮೀಟರ್‌ಗೊಂದು, ಅಳತೆ ತಪ್ಪಿಸಿ, ನಡುನಡುವೆ ಖಾಲಿ ಬಿಟ್ಟು ನೆಡಿ. ನೀರಿಗೆ ನೆರಳೂ ಬೇಕು, ಬಿಸಿಲೂ ಬೇಕು. ದಕ್ಷಿಣ ದಂಡೆಯ ಮರದ ನೆರಳು ನೀರಿನ ಮೇಲೆ ಬೀಳುವುದರಿಂದ ಬೇಸಿಗೆಯಲ್ಲಿ ಟ್ರೌಟ್, ಸಾಲ್ಮನ್ ಮೀನುಗಳಿಗೆ ತಂಪು. ಬೇಸಿಗೆಯ ನೀರಿನ ಮಟ್ಟಕ್ಕಿಂತ ಒಂದಡಿಯಾದರೂ ಮೇಲೆ ನೆಡಿ. ಬೆಳೆದ ಮರ ಬುಡಕ್ಕೆ ನೀರು ಬಂದರೆ ತೊಗಟೆಯ ಉಸಿರುರಂಧ್ರಗಳಿಂದ ಗಾಳಿಯನ್ನು ಬೇರಿಗಿಳಿಸಿಕೊಂಡು ತಾಳುತ್ತದೆ. ಎಳೆ ಸಸಿ ಚಿಗುರುವ ಕಾಲದಲ್ಲಿ ಪೂರ್ತಿ ಮುಳುಗಿದರೆ ತಾಳುವುದಿಲ್ಲ. ಇಂಗ್ಲೆಂಡಿನಲ್ಲಿ ದೊಡ್ಡ ಹೊಳೆಗಳ ದಂಡೆಯಿಂದ 8 ಮೀಟರ್ ಒಳಗೆ ಕೆಲಸ ಮಾಡುವ ಮೊದಲು ಎನ್ವಿರಾನ್‌ಮೆಂಟ್ ಏಜೆನ್ಸಿಯನ್ನು ಕೇಳಿ, ಅನುಮತಿ ಬೇಕಾಗಬಹುದು.

ಮೊದಲ ಮೂರು ವರ್ಷ ಗಿಡದ ಸುತ್ತ ಒಂದು ಮೀಟರ್ ಅಗಲ ಹುಲ್ಲು ಬರದಂತೆ ಮರದ ಚಕ್ಕೆಯನ್ನೋ ರಟ್ಟನ್ನೋ ಹೊದಿಸಿ, ಕಾಂಡಕ್ಕೆ ತಾಗದಂತೆ. ಹುಲ್ಲಿಗಿಂತ ದೊಡ್ಡ ಶತ್ರು ಇಲ್ಲ, ನೀರೆಲ್ಲ ಅದರ ಪಾಲಾಗುತ್ತದೆ. ಮೊಲ ಇದ್ದರೆ 60 ಸೆಂ.ಮೀ. ಕೊಳವೆ, ಜಿಂಕೆ ಇದ್ದರೆ 1.2 ಮೀಟರಿನದು ಹಾಕಿ. ಜಿಂಕೆಗೆ ಆಲ್ಡರ್ ಅಷ್ಟು ರುಚಿಸುವುದಿಲ್ಲ, ಬೇರೇನೂ ಸಿಗದಿದ್ದರೆ ಮಾತ್ರ ತಿನ್ನುತ್ತದೆ. ಆದರೆ ಗಂಡುಜಿಂಕೆ ಕೊಂಬು ಉಜ್ಜಿ ತೊಗಟೆ ಸುಲಿಯುವುದಕ್ಕೆ ರುಚಿಯ ಹಂಗಿಲ್ಲ. ನೆರೆ ಬರುವ ಜಾಗದಲ್ಲಿ ಪ್ಲಾಸ್ಟಿಕ್ ಕೊಳವೆ ಕೊಚ್ಚಿಹೋಗಿ ಹೊಳೆ ಸೇರುತ್ತದೆ, ಅಲ್ಲಿ ತಂತಿಬಲೆ ಒಳ್ಳೆಯದು.

ಅಲರ್ಜಿ ಇರುವವರು ಮಲಗುವ ಕೋಣೆಯ ಕಿಟಕಿ ಪಕ್ಕ ನೆಡದಿರಿ. ಜನವರಿ ಕೊನೆಯಿಂದಲೇ ಪರಾಗ ಹಾರಲು ಶುರು. ಬರ್ಚ್ ಪರಾಗಕ್ಕೆ ಸೀನುವವರು ಇದಕ್ಕೂ ಸೀನುತ್ತಾರೆ.

ಕಡಿದು ಚಿಗುರಿಸುವುದು

ಆಲ್ಡರ್ ಬುಡಕ್ಕೆ ಕಡಿದರೆ ಬೊಡ್ಡೆಯಿಂದ ಹತ್ತಾರು ಚಿಗುರು ಎದ್ದು ಬರುತ್ತವೆ. ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ, ನೆಲದಿಂದ ಗೇಣೆತ್ತರದಲ್ಲಿ, ನೀರು ನಿಲ್ಲದಂತೆ ಓರೆಯಾಗಿ ಕಡಿಯಬೇಕು. ನೆರೆ ನೀರು ಬರುವ ಕಡೆ ಆ ಮಟ್ಟಕ್ಕಿಂತ ಸ್ವಲ್ಪ ಮೇಲೆ ಕಡಿಯಿರಿ. ಗಳು ಬೇಕಿದ್ದರೆ ಹತ್ತು ವರ್ಷಕ್ಕೊಮ್ಮೆ, ಸೌದೆ ಬೇಕಿದ್ದರೆ ಹದಿನೈದು ಇಪ್ಪತ್ತಕ್ಕೊಮ್ಮೆ. ಮೊದಲ ಸಲ ಕಡಿಯುವುದನ್ನು ಮುಂದೂಡುತ್ತ ಹೋದರೆ ಕೆಡುತ್ತದೆ: ನಲವತ್ತು ವರ್ಷ ಕೈಯಿಡದೆ ಬಿಟ್ಟ ಮರದ ಬೊಡ್ಡೆ ಹಲವು ಸಲ ಚಿಗುರುವುದೇ ಇಲ್ಲ. ಇಂಗ್ಲೆಂಡಿನಲ್ಲಿ ಮನೆಯ ತೋಟದ ಹೊರಗೆ ಮೂರು ತಿಂಗಳಿಗೆ 5 ಘನ ಮೀಟರಿಗಿಂತ ಹೆಚ್ಚು ಮರ ಕಡಿಯಲು ಪರವಾನಗಿ ಬೇಕು. ಹಕ್ಕಿ ಗೂಡುಕಟ್ಟುವ ಮಾರ್ಚ್–ಆಗಸ್ಟ್ ಕಾಲದಲ್ಲಿ ಕೊಡಲಿ ಮುಟ್ಟಬೇಡಿ.

ಕಡಿದ ಬಾಯಿ ಬೆಳ್ಳಗಿದ್ದು, ನೋಡುತ್ತಿದ್ದಂತೆ ಕಿತ್ತಳೆ ಕೆಂಪಿಗೆ ತಿರುಗುತ್ತದೆ, ರಕ್ತ ಒಸರಿದಂತೆ. ಐರ್ಲೆಂಡಿನಲ್ಲಿ ಈ ಮರವನ್ನು ಕಡಿಯಲು ಜನ ಅಂಜುತ್ತಿದ್ದುದು ಇದನ್ನು ಕಂಡೇ. ಒಣಗಿದ ಮೇಲೆ ಬಣ್ಣ ಮಾಸಿ ತಿಳಿಗಂದಾಗುತ್ತದೆ.

ಕೊಳೆರೋಗ

ಅಡಿಕೆಯ ಕೊಳೆ, ಕಾಳುಮೆಣಸಿನ ಸೊರಗು ಯಾವುದರಿಂದ ಬರುತ್ತದೋ ಅದೇ ಫೈಟಾಫ್ತೊರಾ ಕುಲದ ಇನ್ನೊಂದು ಜೀವಿ ಆಲ್ಡರ್ ಪಾಲಿನ ಮೃತ್ಯು. ಬ್ರಿಟನ್ನಿನಲ್ಲಿ 1993ರಲ್ಲಿ ಮೊದಲು ಪತ್ತೆಯಾಯಿತು. ಎರಡು ಜಾತಿಗಳು ಬೆರೆತು ಹುಟ್ಟಿದ ಮಿಶ್ರತಳಿ. ನೀರಿನಲ್ಲಿ ಈಜುವ ಬೀಜಕಣಗಳಿಂದ ಹರಡುವುದರಿಂದ ಹೊಳೆಯೇ ಅದಕ್ಕೆ ರಸ್ತೆ.

ಜುಲೈ, ಆಗಸ್ಟ್‌ನಲ್ಲಿ ನೋಡಿ. ಎಲೆ ಸಣ್ಣ, ವಿರಳ, ಹಳದಿ. ಮರ ಸಾಯುವ ಮುನ್ನ ಅತಿಯಾಗಿ ಕಾಯಿ ಹಿಡಿಯುವುದೂ ಉಂಟು. ಬುಡದಿಂದ ಒಂದೆರಡು ಮೀಟರ್ ಒಳಗೆ ತೊಗಟೆಯ ಮೇಲೆ ಟಾರು ಸುರಿದಂಥ ಕಪ್ಪು ಅಥವಾ ತುಕ್ಕುಬಣ್ಣದ ಕಲೆಗಳಿದ್ದರೆ ಅನುಮಾನವಿಲ್ಲ. ಬೋರ್ಡೋ ದ್ರಾವಣ ಹೊಡೆಯೋಣವೆಂದು ಮಲೆನಾಡಿನ ಕೈ ತುರಿಸೀತು; ಬೇರು, ಬುಡದಲ್ಲಿ ಕೂತ ರೋಗಕ್ಕೆ ಅದು ತಲುಪುವುದಿಲ್ಲ, ಹೊಳೆನೀರಿಗೆ ತಾಮ್ರ ಬೆರೆಸಿದಂತಾಗುತ್ತದೆ. ಇದಕ್ಕೆ ಮದ್ದಿಲ್ಲ. ಬುಡಕ್ಕೆ ಕಡಿದರೆ ಕೆಲವು ಆರೋಗ್ಯವಾಗಿ ಚಿಗುರುತ್ತವೆ, ಅಷ್ಟೇ. ಆದ್ದರಿಂದ ಕೆಲಸ ಇರುವುದು ತಡೆಯುವುದರಲ್ಲಿ: ಹೊಳೆನೀರು ಹಾಯಿಸಿ ಬೆಳೆಸಿದ ಸಸಿ ಕೊಳ್ಳಬೇಡಿ, ಒಂದು ಹೊಳೆಯ ಕೆಸರನ್ನು ಇನ್ನೊಂದಕ್ಕೆ ಬೂಟಿನಲ್ಲಿ ಒಯ್ಯಬೇಡಿ, ಮೇಲ್ಭಾಗದಲ್ಲಿ ರೋಗದ ಮರಗಳಿರುವ ಹೊಳೆಗೆ ವಿಲೋ ನೆಡಿ.

ಲೋಹದ ನೀಲಿ ಹೊಳಪಿನ ದುಂಬಿ ಎಲೆಯನ್ನೆಲ್ಲ ಜರಡಿ ಮಾಡಿದ್ದರೆ ಗಾಬರಿ ಬೇಡ. ಬ್ರಿಟನ್ನಿನಿಂದ ಅಳಿದೇಹೋಯಿತೆಂದುಕೊಂಡಿದ್ದ ಆಲ್ಡರ್ ದುಂಬಿ 2004ರಲ್ಲಿ ಮ್ಯಾಂಚೆಸ್ಟರ್ ಕಡೆ ಮತ್ತೆ ಕಾಣಿಸಿ ಈಗ ಹರಡಿದೆ. ಮರ ಎರಡನೇ ಸಲ ಚಿಗುರಿಕೊಳ್ಳುತ್ತದೆ.

ಮೋಪು ಯಾವುದಕ್ಕೆ ಬಂತು

ನೀರಿನಡಿಯ ಗೂಟದ ಗುಣವನ್ನು ರೋಮನ್ನರು ಬಲ್ಲರು. ಕ್ರಿಸ್ತಪೂರ್ವ ಮೊದಲ ಶತಮಾನದ ವಾಸ್ತುಶಿಲ್ಪಿ ವಿಟ್ರೂವಿಯಸ್, ಜೌಗಿನ ಮೇಲಿನ ರವೆನ್ನಾ ನಗರದ ಕಟ್ಟಡಗಳೆಲ್ಲ ಆಲ್ಡರ್ ಗೂಟಗಳ ಮೇಲೆ ನಿಂತಿವೆಯೆಂದು ಬರೆದಿಟ್ಟಿದ್ದಾನೆ. ವೆನಿಸ್ಸಿನ ಅಡಿಪಾಯದಲ್ಲೂ ಲಾರ್ಚ್, ಓಕ್‌ಗಳ ಜೊತೆ ಆಲ್ಡರ್ ಗೂಟಗಳಿವೆ. ಸ್ಕಾಟ್ಲೆಂಡಿನ ಟೇ ಸರೋವರದಲ್ಲಿ ನೀರಿನ ಮೇಲೆ ಕಟ್ಟಿದ್ದ ಕಬ್ಬಿಣಯುಗದ ಮನೆಗಳ ಆಲ್ಡರ್ ಕಂಬಗಳು ಈಗಲೂ ತಳದಲ್ಲಿ ಸಿಗುತ್ತವೆ. ಹಾಗಾಗಿ ಕೊಳದ ಅಂಚು ಹಿಡಿಯಲು ಗೂಟ ಹೊಡೆಯುವುದಾದರೆ ತಲೆ ಬೇಸಿಗೆಯ ನೀರಿನ ಮಟ್ಟಕ್ಕಿಂತ ಕೆಳಗಿರಲಿ. ನಾಲ್ಕು ಬೆರಳು ಮೇಲೆ ಬಂದರೂ ಆ ನಾಲ್ಕು ಬೆರಳು ಕೊಳೆತು ಹೋಗುತ್ತದೆ.

ಇಂಗ್ಲೆಂಡಿನ ಲ್ಯಾಂಕಶೈರ್ ಬಟ್ಟೆ ಗಿರಣಿಗಳ ಕಾರ್ಮಿಕರು ಹಾಕುತ್ತಿದ್ದ ಕ್ಲಾಗ್ ಮೆಟ್ಟುಗಳ ಅಡಿ ಹೆಚ್ಚಾಗಿ ಆಲ್ಡರ್‌ನದು. ಹಗುರ, ಸೀಳುವುದಿಲ್ಲ, ಒದ್ದೆ ನೆಲದಲ್ಲಿ ಕಾಲು ಬೆಚ್ಚಗೆ. ಮೋಪುಗಾರರು ಬೇಸಿಗೆಯಲ್ಲಿ ವೇಲ್ಸ್‌ನ ಆಲ್ಡರ್ ತೋಪುಗಳಲ್ಲೇ ಬಿಡಾರ ಹೂಡಿ, ದಿಮ್ಮಿಯನ್ನು ಗಂಡಸು, ಹೆಂಗಸು, ಮಕ್ಕಳ ಅಳತೆಗೆ ತುಂಡರಿಸಿ, ಹಸಿಯಿರುವಾಗಲೇ ಒಂದು ತುದಿ ಬೆಂಚಿನ ಬಳೆಗೆ ಸಿಕ್ಕಿಸಿದ ಉದ್ದ ಕತ್ತಿಯಿಂದ ಒರಟಾಗಿ ರೂಪಿಸುತ್ತಿದ್ದರು. ಆ ತುಂಡುಗಳನ್ನು ಗಾಳಿಯಾಡುವಂತೆ ಜೇನುಗೂಡಿನಾಕಾರದ ಗೋಪುರವಾಗಿ ಪೇರಿಸಿ ತಿಂಗಳುಗಟ್ಟಲೆ ಒಣಗಿಸಿ ಪೇಟೆಗೆ ಕಳಿಸುವುದು. ಹಸಿಯಲ್ಲಿ ಕೆತ್ತಿ, ಒಣಗಿಸಿ, ಮತ್ತೆ ನಯಮಾಡುವ ಈ ಕ್ರಮವನ್ನೇ ಚಮಚ, ಬಟ್ಟಲು ಕೆತ್ತುವವರು ಈಗಲೂ ಹಿಡಿಯಬಹುದು. ಕೆತ್ತಿದ್ದನ್ನು ಅದರದೇ ಸಿಪ್ಪೆಯ ಜೊತೆ ಕಾಗದದ ಚೀಲದಲ್ಲಿಟ್ಟು ಎರಡು ಮೂರು ವಾರ ನಿಧಾನ ಒಣಗಿಸಿದರೆ ಬಿರುಕು ಬಿಡದು.

ಇದ್ದಿಲು ಇನ್ನೊಂದು. ಕೋವಿಮದ್ದಿನಲ್ಲಿ ನೂರಕ್ಕೆ 75 ಪಾಲು ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಬೂದಿ ಕಡಿಮೆಯಿರುವ, ಬೇಗ ಹೊತ್ತುವ ಇದ್ದಿಲಿಗೆಂದು ಎಸೆಕ್ಸ್‌ನ ವಾಲ್ಟಮ್ ಆ್ಯಬಿಯ ರಾಯಲ್ ಗನ್‌ಪೌಡರ್ ಮಿಲ್ಸ್ ತನ್ನ ನೆಲದಲ್ಲೇ ಆಲ್ಡರ್ ಬೆಳೆಸಿತು. ಕಾರ್ಖಾನೆ ಮುಚ್ಚಿದೆ, ತೋಪು ಇದೆ. ಚಿತ್ರ ಬರೆಯುವವರು ಬೆರಳುಗಾತ್ರದ ಒಣ ಕಡ್ಡಿಗಳ ತೊಗಟೆ ಸುಲಿದು, ಬಿಸ್ಕತ್ತು ಡಬ್ಬಿಯಲ್ಲಿ ಬಿಗಿಯಾಗಿ ಜೋಡಿಸಿ, ಮುಚ್ಚಳಕ್ಕೊಂದು ಮೊಳೆತೂತು ಮಾಡಿ ಬಯಲಿನ ಬೆಂಕಿಯಲ್ಲಿಡಲಿ. ತೂತಿನ ಹೊಗೆ ನಿಂತಾಗ ಹೊರತೆಗೆದು, ತೂತಿಗೆ ಮಣ್ಣು ಮೆತ್ತಿ, ಪೂರ್ತಿ ತಣ್ಣಗಾದ ಮೇಲೆ ತೆರೆಯಬೇಕು. ಬಿಸಿಯಲ್ಲಿ ತೆರೆದರೆ ಗಾಳಿ ತಾಗಿ ಎಲ್ಲವೂ ಬೂದಿ.

ಸೌದೆಯಾಗಿ ಸಾಧಾರಣ; ಬೇಗ ಉರಿದು ಮುಗಿಯುತ್ತದೆ. ಮೀನಿಗೆ ಹೊಗೆ ಕೊಡಲು ಮಾತ್ರ ಫಿನ್ಲೆಂಡ್, ಜರ್ಮನಿಗಳಲ್ಲಿ ಇದಕ್ಕೇ ಮೊದಲ ಮಣೆ. ತೊಗಟೆ ತೆಗೆದ ಒಣ ಚಕ್ಕೆ ಒಂದು ಹಿಡಿ ಸಾಕು. ತೊಗಟೆ ಉಳಿದರೆ ಮಸಿ ಕೂತು ಮೀನು ಕಹಿಯಾಗುತ್ತದೆ.

ತೊಗಟೆಯಿಂದ ಬಣ್ಣ

ತೊಗಟೆಯ ತುಂಬ ಒಗರು. ಅಡಿಕೆ ಬೇಯಿಸಿದ ಚೊಗರು ಹೇಗೋ, ಅಳಲೆಕಾಯಿ ಹೇಗೋ ಹಾಗೆ. ಒಗರಿಗೆ ಕಬ್ಬಿಣ ಸೇರಿದರೆ ಕಪ್ಪು. ಅಳಲೆಕಾಯಿ ಮಸಿಯ ರಸಾಯನ ಇದೇ. ಯುರೋಪಿನಲ್ಲಿ ಚರ್ಮ ಹದಮಾಡಲು, ಮೀನುಬಲೆಗೆ ಬಣ್ಣ ಕಟ್ಟಲು, ಉಣ್ಣೆ ಕಪ್ಪಾಗಿಸಲು ಇದನ್ನು ಬಳಸಿದರು.

100 ಗ್ರಾಂ ಉಣ್ಣೆಗೆ ಲೆಕ್ಕ: ಒಣ ತೊಗಟೆ 100 ಗ್ರಾಂ (ತೊಗಟೆ ಬದಲು ಕಾಯಿಯಾದರೆ 200), ಪಟಿಕ 12 ಗ್ರಾಂ, ನೀರು ನಾಲ್ಕೈದು ಲೀಟರ್. ತೊಗಟೆಯನ್ನು ಕಡಿದ ಗಳುಗಳಿಂದ ಮಾತ್ರ ಸುಲಿಯಿರಿ. ನಿಂತ ಮರದ ಸುತ್ತ ಸುಲಿದರೆ ಮರ ಸಾಯುತ್ತದೆ. ಚೂರು ಮಾಡಿ ಒಂದೆರಡು ದಿನ ನೆನೆಸಿ, ಕುದಿ ಬಾರದಂತೆ ಒಂದು ಗಂಟೆ ಕಾಯಿಸಿ ಸೋಸಿ. ಅತ್ತ ಉಣ್ಣೆಯನ್ನು ಪಟಿಕದ ನೀರಿನಲ್ಲಿ ಒಂದು ಗಂಟೆ 80 ಡಿಗ್ರಿ ಆಸುಪಾಸಿನಲ್ಲಿ ಇಟ್ಟು, ಹಿಂಡಿ, ಒದ್ದೆಯಾಗಿಯೇ ಬಣ್ಣದ ನೀರಿಗೆ ಇಳಿಸಿ. ಇಲ್ಲೂ ಒಂದು ಗಂಟೆ, ಅದೇ ಬಿಸಿ. ಕುದಿಸಿದರೆ ದಾಲ್ಚಿನ್ನಿ ಬಣ್ಣ ಹೋಗಿ ಮಂಕು ಕಂದು ಬರುತ್ತದೆ. ಬಿಸಿಯಿಂದ ತಣ್ಣೀರಿಗೆ ಒಮ್ಮೆಲೇ ಹಾಕಿದರೆ ಉಣ್ಣೆ ಗಂಟುಕಟ್ಟುತ್ತದೆ, ಪಾತ್ರೆಯಲ್ಲೇ ಆರಲಿ.

ಬೂದುಕಪ್ಪು ಬೇಕಿದ್ದರೆ 2 ಗ್ರಾಂ ಅನ್ನಭೇದಿಯನ್ನು (ಕಬ್ಬಿಣದ ಲವಣ) ಬಿಸಿನೀರಿನಲ್ಲಿ ಕರಗಿಸಿ, ಉಣ್ಣೆಯನ್ನು ಮೊದಲು ಹೊರತೆಗೆದು, ಬಣ್ಣದ ನೀರಿಗೆ ಬೆರೆಸಿ, ಮತ್ತೆ ಹತ್ತು ನಿಮಿಷ ಮುಳುಗಿಸಿ. ಉಣ್ಣೆ ಒಳಗಿರುವಾಗಲೇ ಸುರಿದರೆ ಕಲೆಕಲೆ. ಇನ್ನೂ ಕಪ್ಪಾಗಲೆಂದು ಅನ್ನಭೇದಿಯನ್ನು ಹೆಚ್ಚಿಸಿದರೆ ಎಳೆ ಒರಟಾಗಿ ಕೆಲವು ವರ್ಷಕ್ಕೆ ಪುಡಿಯಾಗುತ್ತದೆ. ಅದರ ಬದಲು ಒಗರಿನ ನೀರಿನಲ್ಲಿ ಇನ್ನೊಂದು ಸಲ ಮುಳುಗಿಸಿ. ಈ ಪಾತ್ರೆ, ಸೌಟುಗಳನ್ನು ಮತ್ತೆ ಅಡುಗೆಗೆ ತರಬೇಡಿ, ಮತ್ತು ಕಬ್ಬಿಣ ಸೇರಿದ ಪಾತ್ರೆಯಲ್ಲಿ ಮುಂದಿನ ಸಲ ತಿಳಿಬಣ್ಣ ಕಟ್ಟಲು ಹೋಗಬೇಡಿ. ಎಷ್ಟು ಉಜ್ಜಿದರೂ ಅದು ಬೂದುಗಪ್ಪನ್ನೇ ಕೊಡುತ್ತದೆ.